ಹನ್ನೆರಡು ವರ್ಷದ ಹೂವು ವರ್ಷವರ್ಷವೂ ಸುದ್ದಿಯಾಗುವುದು ಹೇಗೆ?

ಆಗಸ್ಟ್ ಮುಗಿಯುತ್ತಾ ಬಂತೆಂದರೆ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂದೇ ಬರುತ್ತದೆ. ಮಂಜು, ಬೆಟ್ಟ, ಬೆಟ್ಟದ ಮೈತುಂಬ ನೇರಳೆ ಬಣ್ಣ. ಹೋದ ಸಲದ ವಿಡಿಯೊದಲ್ಲಿ ಹೂವಿನ ನಡುವೆ ಆಡಿನಂಥ ಎರಡು ಪ್ರಾಣಿಗಳೂ ನಿಂತಿದ್ದವು. ಕೆಳಗೆ ಮಾಮೂಲಿ ಸಾಲು: ‘ಚಿಕ್ಕಮಗಳೂರಿನಲ್ಲಿ ನೀಲಕುರಿಂಜಿ ಅರಳಿದೆ, ಈಗ ಬಿಟ್ಟರೆ ಇನ್ನು 12 ವರ್ಷ ಕಾಯಬೇಕು.’ ಸರಿ, ಶುರುವಾಯಿತು. ಶುಕ್ರವಾರ ರಾತ್ರಿ ಎಷ್ಟಕ್ಕೆ ಹೊರಡುವುದು, ಯಾರ ಕಾರು, ಯಶವಂತಪುರದ ಹತ್ತಿರ ಯಾರ್ಯಾರು ಹತ್ತುತ್ತಾರೆ ಎಂಬ ಮಾತು. ಅಷ್ಟರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಕೇಳಿದಳು: ‘ಹೋದ ವರ್ಷವೂ ಹೀಗೇ ಹೇಳಿದ್ರಲ್ವಾ ಸಾರ್? 12 ವರ್ಷಕ್ಕೊಮ್ಮೆ ಅರಳೋ ಹೂವು ವರ್ಷವರ್ಷ ಹೇಗೆ ಬರುತ್ತೆ?’

ಯಾರೂ ಉತ್ತರ ಕೊಡಲಿಲ್ಲ. ಒಬ್ಬರು ನಗುವ ಇಮೋಜಿ ಹಾಕಿದರು, ಅಷ್ಟೇ.

ಆದರೆ ಅವಳು ಕೇಳಿದ್ದು ಸರಿಯಾಗಿಯೇ ಇತ್ತು. 2018ರಲ್ಲಿ ಕೇರಳದ ಮುನ್ನಾರ್‌ನಲ್ಲಿ ಅರಳಿತು. 2021ರಲ್ಲಿ ಕೊಡಗಿನ ಮಾಂದಲಪಟ್ಟಿ, ಕೋಟೆಬೆಟ್ಟದಿಂದ ಸುದ್ದಿ ಬಂತು. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲು. 2024ರಲ್ಲಿ ಊಟಿ ಸುತ್ತಿನ ನೀಲಗಿರಿ. ಇದರಲ್ಲಿ 12 ಎಲ್ಲಿದೆ? ಇದೆ. ಆದರೆ ನಾವು ಅಂದುಕೊಂಡ ಜಾಗದಲ್ಲಿ ಇಲ್ಲ. ಕುರಿಂಜಿ ಅಂದರೆ ಒಂದೇ ಗಡಿಯಾರ ಅಂದುಕೊಂಡಿದ್ದೇವೆ. ನಿಜದಲ್ಲಿ ಬೆಟ್ಟಕ್ಕೊಂದು ಗಡಿಯಾರ, ಜಾತಿಗೊಂದು ಗಡಿಯಾರ.

ಮೊದಲು ಗಿಡ ಎಂಥದು ನೋಡೋಣ. 2022ರ ಸೆಪ್ಟೆಂಬರ್‌ನಲ್ಲಿ ನಾನೂ ಎಲ್ಲರಂತೆ ಚಂದ್ರದ್ರೋಣ ಸಾಲಿಗೆ ಹೋಗಿದ್ದೆ. ದೂರದಿಂದ ಕಂಡ ಬೆಟ್ಟ ಬೇರೆ, ಹತ್ತಿರ ಹೋಗಿ ಕೂತು ಕಂಡ ಗಿಡ ಬೇರೆ. ಗಿಡದಲ್ಲಿ ಅಂಥ ವಿಶೇಷವೇನೂ ಇಲ್ಲ. ಮೊಣಕಾಲೆತ್ತರದ ಪೊದೆ. ಎಲೆಯ ಅಂಚು ಗರಗಸದ ಹಲ್ಲಿನಂತೆ. ರೆಂಬೆಯ ತುದಿಯಲ್ಲಿ ತೆನೆಯ ಹಾಗೆ ಒತ್ತಾಗಿ ಮೊಗ್ಗು, ಅದರೊಳಗಿಂದ ಗಂಟೆಯಾಕಾರದ ಹೂವು ಒಂದೊಂದಾಗಿ ಹೊರಗೆ ಬರುತ್ತದೆ. ಹೊಸದಾಗಿ ಬಿಟ್ಟದ್ದು ತೆಳು ನೀಲಿ, ಹಳೆಯದಾದಂತೆ ನೇರಳೆಗೆ ತಿರುಗುತ್ತದೆ. ಒಂದೇ ಒಂದು ಹೂವನ್ನು ಯಾರಾದರೂ ಕೈಗೆ ಕೊಟ್ಟಿದ್ದರೆ ‘ಓಹೋ’ ಎನ್ನುವಂಥದ್ದೇನೂ ಅಲ್ಲ. ಗಿಡದ ಸುತ್ತ ತುಡುವೆ ಜೇನುಗಳ ಸದ್ದು ಮಾತ್ರ ನಿಲ್ಲುತ್ತಲೇ ಇರಲಿಲ್ಲ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಟ್ರೊಬಿಲಾಂಥಿಸ್ ಕುಂತಿಯಾನ. ನಮ್ಮ ಮಲೆನಾಡಿನವರ ಬಾಯಲ್ಲಿ ಗುರಿಗೆ. ತಮಿಳರ ಸಂಗಂ ಕಾವ್ಯದಲ್ಲಂತೂ ಬೆಟ್ಟದ ಸೀಮೆಗೇ ಕುರಿಂಜಿ ಎಂದು ಹೆಸರು. ಕೊಡೈಕೆನಾಲ್‌ನಲ್ಲಿ ಮುರುಗನಿಗೆ ಕುರಿಂಜಿ ಆಂಡವರ್ ಎಂಬ ದೇವಸ್ಥಾನವೇ ಇದೆ. ಸುಮಾರು 1,300 ಮೀಟರಿಗಿಂತ ಮೇಲಿನ ಹುಲ್ಲುಬೆಟ್ಟ, ಅದರ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ಅಂಚು ಇದರ ಮನೆ. ಬೆಂಗಳೂರು ಇರುವುದು 900 ಮೀಟರ್ ಆಸುಪಾಸಿನಲ್ಲಿ. ಹಾಗಾಗಿ ಲಾಲ್‌ಬಾಗ್‌ನಲ್ಲಿ ಯಾಕೆ ಬೆಳೆಸಬಾರದು ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಇದರ ನೆಂಟರು ಮಾತ್ರ ಬೆಂಗಳೂರಲ್ಲಿ ಧಾರಾಳವಾಗಿದ್ದಾರೆ. ಸಿದ್ದಾಪುರದ ನರ್ಸರಿಗಳಲ್ಲಿ ಮಿರಮಿರ ಹೊಳೆಯುವ ನೇರಳೆ ಎಲೆಯ ಒಂದು ಕುಂಡದ ಗಿಡ ಸಿಗುತ್ತದೆ, ಪರ್ಷಿಯನ್ ಶೀಲ್ಡ್ ಅಂತ. ಹೆಸರು ಪರ್ಷಿಯಾದ್ದು, ಊರು ಬರ್ಮಾ, ಕುಲ ಕುರಿಂಜಿಯದೇ. ಇನ್ನೂ ಹತ್ತಿರದಿಂದ ಗೊತ್ತಿರುವ ನೆಂಟ ಎಂದರೆ ಗಾಂಧಿ ಬಜಾರಿನಲ್ಲಿ ಮೊಳದ ಲೆಕ್ಕದಲ್ಲಿ ಮಾರುವ ಕನಕಾಂಬರ. ಎರಡೂ ಒಂದೇ ಕುಟುಂಬ. ಕನಕಾಂಬರದ ಒಣಗಿದ ಕಾಯನ್ನು ಒದ್ದೆ ಅಂಗೈಯಲ್ಲಿ ಇಟ್ಟುಕೊಂಡಿದ್ದೀರಾ? ಒಂದು ಕ್ಷಣ ಸುಮ್ನೆ ಇರುತ್ತದೆ. ಆಮೇಲೆ ಪಟ್ ಎಂದು ಸಿಡಿದು ಬೀಜ ಹಾರುತ್ತದೆ. ಚಿಕ್ಕವರಿದ್ದಾಗ ಅಮ್ಮನಿಗೆ ಗೊತ್ತಾಗದಂತೆ ಹಿತ್ತಲಿನ ಗಿಡದ ಕಾಯೆಲ್ಲ ಕಿತ್ತು ಬಕೆಟ್ ನೀರಿಗೆ ಹಾಕುತ್ತಿದ್ದೆವು. ಕಾಯಿಯ ಒಳಗೆ ಪ್ರತಿ ಬೀಜದ ಬುಡದಲ್ಲೂ ಪುಟ್ಟ ಕೊಕ್ಕೆಯಂಥದ್ದೊಂದಿದೆ. ಕಾಯಿ ಬಿರಿದಾಗ ಬೀಜವನ್ನು ಕವಣೆ ಕಲ್ಲಿನಂತೆ ಎಸೆಯುವುದು ಅದೇ.

ಕುರಿಂಜಿಯ ಕಾಯಿಯೂ ಹೀಗೇ ಸಿಡಿದು ಬೀಜ ಚೆಲ್ಲುತ್ತದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಏಕೆಂದರೆ ಸಿಡಿದ ಬೀಜ ಎಷ್ಟು ದೂರ ಹೋದೀತು? ಕೆಲವು ಮಾರು, ಅಷ್ಟೇ. ಹಕ್ಕಿ ತಿಂದು ಬೇರೆ ಬೆಟ್ಟಕ್ಕೆ ಒಯ್ಯುವ ಹಣ್ಣಲ್ಲ, ಗಾಳಿಯಲ್ಲಿ ತೇಲುವ ಹತ್ತಿಯೂ ಅಲ್ಲ. ಮುನ್ನಾರ್‌ನ ಬೀಜ ಮುನ್ನಾರ್‌ನಲ್ಲೇ, ಮುಳ್ಳಯ್ಯನಗಿರಿಯ ಬೀಜ ಮುಳ್ಳಯ್ಯನಗಿರಿಯಲ್ಲೇ ಉಳಿಯುತ್ತದೆ. ಹಾಗಾಗಿ ಒಂದು ಬೆಟ್ಟದ ಲೆಕ್ಕ ಇನ್ನೊಂದಕ್ಕೆ ಬೆರೆಯುವುದಿಲ್ಲ.

ಇನ್ನು ಅದರ ಬದುಕು. ಮಳೆಗಾಲದಲ್ಲಿ ಬೀಜ ಮೊಳೆಯುತ್ತದೆ, ಬೆಟ್ಟದ ಇಳಿಜಾರಿನಲ್ಲಿ ಸಸಿಗಳು ಒತ್ತೊತ್ತಾಗಿ ಏಳುತ್ತವೆ. ಆಮೇಲೆ ವರ್ಷಗಟ್ಟಲೆ ಎಲೆ, ಕಾಂಡ, ಬೇರು, ಇಷ್ಟೇ ಕೆಲಸ. ಹೂವಿನ ಸುಳಿವೇ ಇಲ್ಲ. 12ನೇ ವರ್ಷ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಇಡೀ ಬೆಟ್ಟ ಒಟ್ಟಿಗೆ ಹೂಬಿಡುತ್ತದೆ. ಕೆಲವು ತಿಂಗಳಲ್ಲಿ ಬೀಜ ಬಲಿತು ಸಿಡಿಯುತ್ತದೆ. ತಾಯಿಗಿಡ ಅಲ್ಲೇ ಒಣಗಿ ಸಾಯುತ್ತದೆ. ಇಡೀ ಆಯುಸ್ಸಿಗೆ ಒಂದೇ ಹೂವಿನ ಕಾಲ.

ಒಮ್ಮೆ ಹೂಬಿಟ್ಟು ಸಾಯುವುದು ನಮಗೇನೂ ಹೊಸದಲ್ಲ. ಬಾಳೆ ಗೊನೆ ಬಿಟ್ಟ ಮೇಲೆ ಆ ದಿಂಡು ಮುಗಿಯಿತು, ಪಕ್ಕದ ಕಂದು ಮುಂದುವರಿಯುತ್ತದೆ. ಕತ್ತಾಳೆ ಹೀಗೇ. ಹಿಂದೆ ಓಲೆಗರಿ ಮಾಡುತ್ತಿದ್ದ ಶ್ರೀತಾಳೆ ಮರ ದಶಕಗಳ ಕಾಲ ಕಾದು, ತಲೆಯ ಮೇಲೆ ದೊಡ್ಡ ಹೂಗೊಂಚಲು ಹೊತ್ತು, ಹಣ್ಣಾದ ಮೇಲೆ ಬೀಳುತ್ತದೆ. ಆದರೆ ಶ್ರೀತಾಳೆ ತನ್ನ ಪಾಡಿಗೆ ತಾನು ಹೂಬಿಡುತ್ತದೆ, ಪಕ್ಕದ ಮರದ್ದು ಪಕ್ಕದ ಮರಕ್ಕೆ. ಕುರಿಂಜಿಯಲ್ಲಿ ಬೆರಗು ಹುಟ್ಟಿಸುವುದು ಕಾಯುವುದಲ್ಲ. ಲಕ್ಷಗಟ್ಟಲೆ ಗಿಡಗಳು ಮಾತಾಡಿಕೊಂಡಂತೆ ಒಂದೇ ವರ್ಷ ಹೂಬಿಡುವುದು. 12 ಎಂಬ ಅಂಕಿಯ ಹಿಂದೆ ಬಿದ್ದು ನಾವು ಇದನ್ನು ಮರೆಯುತ್ತೇವೆ ಅನ್ನಿಸುತ್ತದೆ.

ಹಾಗೆ ಒಟ್ಟಿಗೆ ಹೂಬಿಟ್ಟರೆ ಲಾಭ ಏನು? ಬೆಂಗಳೂರಿನವರಿಗೆ ಇದನ್ನು ವಿವರಿಸಲು ಬಸವನಗುಡಿಯ ಕಡಲೆಕಾಯಿ ಪರಿಷೆ ಸಾಕು. ಮಾಮೂಲಿ ದಿನ ಮೂಲೆಯಲ್ಲಿ ಒಂದೇ ಗಾಡಿ ನಿಂತಿದೆ ಅಂದುಕೊಳ್ಳಿ. ಹೋಗುವವರು, ಬರುವವರು ‘ರುಚಿ ನೋಡ್ತೀನಿ’ ಎಂದು ಎರಡೆರಡು ಕಾಯಿ ಬಾಯಿಗೆ ಹಾಕಿಕೊಂಡರೆ ಸಂಜೆಯೊಳಗೆ ಗಾಡಿ ಅರ್ಧ ಖಾಲಿ. ಈಗ ಕಾರ್ತಿಕದ ಕಡೇ ಸೋಮವಾರಕ್ಕೆ ಬನ್ನಿ. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ರಾಶಿ. ಊರಿನವರೆಲ್ಲ ಪ್ರತಿ ರಾಶಿಯಲ್ಲೂ ಕೈ ಹಾಕುತ್ತಾರೆ, ಚೌಕಾಸಿ ಮಾಡುತ್ತಾ ತಿನ್ನುತ್ತಾರೆ, ಕೊಳ್ಳದೆ ಮುಂದೆ ಹೋಗುತ್ತಾರೆ. ಆದರೂ ರಾಶಿ ಕರಗುವುದಿಲ್ಲ. ತಿನ್ನುವವರ ಹೊಟ್ಟೆ ತುಂಬುತ್ತದೆ, ಕಾಯಿ ಉಳಿಯುತ್ತದೆ.

ಕಾಡಿನಲ್ಲೂ ಇದೇ. ಬೀಜ ತಿನ್ನುವ ಹುಳು, ಇಲಿ, ಹಕ್ಕಿ ಎಲ್ಲ ಕಡೆ ಇವೆ. ವರ್ಷವರ್ಷ ಸ್ವಲ್ಪ ಸ್ವಲ್ಪ ಬೀಜ ಬಿಟ್ಟರೆ ಅವಕ್ಕೆ ವರ್ಷವರ್ಷ ಊಟ ಹಾಕಿ ಸಾಕಿದ ಹಾಗೆ. ಹನ್ನೊಂದು ವರ್ಷ ಏನೂ ಕೊಡದೆ, 12ನೇ ವರ್ಷ ತಿಂದು ಮುಗಿಸಲಾಗದಷ್ಟು ಚೆಲ್ಲಿದರೆ? ಈ ಬೀಜವನ್ನೇ ನಂಬಿ ಬದುಕುವ ಹುಳು ಅಷ್ಟು ವರ್ಷ ಹಸಿದು ಕಾಯಲಾರದು. ಬೇರೆಯದನ್ನೂ ತಿಂದು ಬದುಕುವವು ಎಷ್ಟು ತಿಂದರೂ ಮಿಗುತ್ತದೆ. ಡೇನಿಯಲ್ ಜ್ಯಾನ್ಸನ್ ಎಂಬ ಅಮೆರಿಕದ ಪರಿಸರ ವಿಜ್ಞಾನಿ 1976ರಲ್ಲಿ ಬಿದಿರಿನ ವಿಷಯದಲ್ಲಿ ಈ ವಾದವನ್ನು ವಿವರವಾಗಿ ಮಂಡಿಸಿದರು. ಬಿದಿರೂ ಹೀಗೇ ದಶಕಗಳ ಮೇಲೆ ಒಮ್ಮೆಲೇ ಹೂಬಿಟ್ಟು ಸಾಯುತ್ತದೆ.

ಬಿದಿರು ಹೂಬಿಟ್ಟರೆ ಬರ ಬರುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದು ಬರೀ ಮೂಢನಂಬಿಕೆ ಅಲ್ಲ. ಮಿಜೋರಾಂನಲ್ಲಿ ಒಂದು ಜಾತಿಯ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಹೂಬಿಡುತ್ತದೆ. ಉದುರಿದ ಬೀಜ ತಿಂದು ಇಲಿಗಳು ಮಿತಿಮೀರಿ ಹೆಚ್ಚುತ್ತವೆ. ಬಿದಿರಿನ ಬೀಜ ಮುಗಿದ ಮೇಲೆ ಅವು ಗದ್ದೆಗೆ, ಕಣಜಕ್ಕೆ ನುಗ್ಗುತ್ತವೆ. 1959ರ ಸುಮಾರಿಗೆ ಹಾಗೆ ಬಿದ್ದ ಬರದಲ್ಲಿ ಜನರಿಗೆ ನೆರವಾಗಲು ಹುಟ್ಟಿದ ಸಂಘಟನೆಯೇ ಮುಂದೆ ಮಿಜೋ ನ್ಯಾಷನಲ್ ಫ್ರಂಟ್ ಎಂಬ ರಾಜಕೀಯ ಪಕ್ಷವಾಯಿತು. ಹುಲ್ಲಿನ ಜಾತಿಯ ಗಿಡವೊಂದರ ಹೂವು ಒಂದು ರಾಜ್ಯದ ರಾಜಕೀಯವನ್ನೇ ತಿರುಗಿಸಿತು. ಕುರಿಂಜಿಯಿಂದ ಇಂಥ ಭಯವೇನಿಲ್ಲ, ಅದರ ಬೀಜ ಚಿಕ್ಕದು.

ಒಟ್ಟಿಗೆ ಹೂಬಿಡಲು ಇನ್ನೊಂದು ಕಾರಣ ಜೇನು. ಬೆಟ್ಟವೇ ನೀಲಿಯಾದಾಗ ದೂರದ ತುಡುವೆಗಳೂ ಬರುತ್ತವೆ, ಒಂದು ಗಿಡದ ಪರಾಗ ಇನ್ನೊಂದಕ್ಕೆ ಸಿಗುತ್ತದೆ. ಈಗ ಲೆಕ್ಕ ತಪ್ಪಿ 11ನೇ ವರ್ಷವೇ ಅರಳಿದ ಒಂದು ಗಿಡದ ಪಾಡು ನೋಡಿ. ಪರಾಗ ಕೊಡಲು ಅಕ್ಕಪಕ್ಕ ಯಾರೂ ಇಲ್ಲ. ಬಿಟ್ಟ ಹತ್ತಾರು ಬೀಜವನ್ನು ಹುಳು ಮುಗಿಸುತ್ತದೆ. ಗಿಡವೂ ಸತ್ತಿತು, ಸಂತಾನವೂ ಇಲ್ಲ. ಹೀಗೆ ಹಾದಿ ತಪ್ಪಿದವು ಪ್ರತಿ ಸುತ್ತಿನಲ್ಲೂ ಒಂದಷ್ಟು ಸಿಗುತ್ತವೆ. ಆದರೆ ಅವುಗಳ ವಂಶ ಬೆಳೆಯುವುದು ಕಷ್ಟ. ಲೆಕ್ಕಕ್ಕೆ ಸರಿಯಾಗಿ ನಡೆದವುಗಳ ಮಕ್ಕಳೇ ಬೆಟ್ಟ ತುಂಬುತ್ತಾರೆ. ಶಿಸ್ತು ಕಾಯಲು ಯಾರೂ ಬೇಕಿಲ್ಲ.

ಇಷ್ಟಾದರೂ 12 ಏಕೆ, 10 ಏಕಲ್ಲ ಎಂಬ ಪ್ರಶ್ನೆ ಉಳಿಯಿತು. ನನಗೆ ತುಂಬ ಹಿಡಿಸಿದ ಲೆಕ್ಕವೊಂದಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಬಿದಿರಿನ ಬಗ್ಗೆ ಹೇಳಿದ್ದು. ಒಂದು ಕಾಲದಲ್ಲಿ ಎಲ್ಲ ಗಿಡಗಳೂ 4 ವರ್ಷಕ್ಕೊಮ್ಮೆ ಹೂಬಿಡುತ್ತಿದ್ದವು ಅಂದುಕೊಳ್ಳಿ. ಒಂದು ಗಿಡ ತಡಮಾಡಿ 5ನೇ ವರ್ಷ ಹೂಬಿಟ್ಟರೆ ಒಂಟಿಯಾಗಿ ಸಾಯುತ್ತದೆ. ಅದೇ ತಡ 8ನೇ ವರ್ಷಕ್ಕೆ ಹೋದರೆ? ಆಗ ಉಳಿದವುಗಳ ಎರಡನೇ ಸುತ್ತು ಬಂದಿರುತ್ತದೆ, ಜೊತೆ ಸಿಗುತ್ತದೆ. ಜಾಸ್ತಿ ವರ್ಷ ಬೆಳೆದದ್ದರಿಂದ ಬೀಜವೂ ಜಾಸ್ತಿ. ಹಾಗಾಗಿ ಅಂತರ ಬೆಳೆಯುವುದಾದರೆ ಒಂದೊಂದಾಗಿ ಕೂಡುತ್ತಾ ಅಲ್ಲ, ಎರಡರಿಂದ ಮೂರರಿಂದ ಗುಣಿಸುತ್ತಾ ಬೆಳೆಯುತ್ತದೆ. 12 ಎಂದರೆ ಎರಡೆರಡಲ ನಾಲ್ಕು, ನಾಲ್ಕು ಮೂರಲ ಹನ್ನೆರಡು. ಕುರಿಂಜಿಗೆ ಇದೇ ಆಗಿದೆ ಎಂದು ಯಾರೂ ಸಾಬೀತು ಮಾಡಿಲ್ಲ, ನಾನೇ ಆಸೆಪಟ್ಟು ಹೊಂದಿಸಿದ್ದು.

ಗಿಡ ವರ್ಷ ಎಣಿಸುವುದು ಹೇಗೆ ಎಂಬುದು ಇನ್ನೂ ಸೋಜಿಗ. ಅಮೆರಿಕದಲ್ಲಿ 17 ವರ್ಷ ಮಣ್ಣಿನೊಳಗಿದ್ದು ಹೊರಬರುವ ಜೀರುಂಡೆಗಳಿವೆ. ಅವು ಮರದ ಬೇರಿನ ರಸ ಹೀರುತ್ತವೆ. ವಿಜ್ಞಾನಿಗಳು ಒಂದು ಚೇಷ್ಟೆ ಮಾಡಿದರು. ಮರಗಳು ಒಂದೇ ವರ್ಷದಲ್ಲಿ ಎರಡು ಸಲ ಚಿಗುರುವಂತೆ ಮಾಡಿ, ಬೇರಿನಲ್ಲಿ ಆ ಜೀರುಂಡೆಯ ಮರಿಗಳನ್ನು ಬಿಟ್ಟರು. ಮರಿಗಳು ಒಂದು ವರ್ಷ ಮೊದಲೇ ಹೊರಗೆ ಬಂದವು. ಅಂದರೆ ಅವು ದಿನ ಎಣಿಸುತ್ತಿರಲಿಲ್ಲ, ಮರದ ಚಿಗುರು ಎಣಿಸುತ್ತಿದ್ದವು. ಗಿಡಗಳ ವಿಷಯದಲ್ಲೂ ಒಂದು ಸುಳಿವು ಸಿಕ್ಕಿದೆ. ಎಳೆಯ ಗಿಡದಲ್ಲಿ ಮೈಕ್ರೋ ಆರ್‌ಎನ್‌ಎ 156 ಎಂಬ ಪುಟ್ಟ ಅಣು ಹೇರಳವಾಗಿರುತ್ತದೆ, ಅದು ಹೂಬಿಡದಂತೆ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಗಿಡಕ್ಕೆ ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ, ಬ್ರೇಕ್ ಸಡಿಲವಾಗುತ್ತದೆ. ಪ್ರಯೋಗಾಲಯದ ಸಾಸಿವೆ ಜಾತಿಯ ಸಣ್ಣ ಗಿಡದಿಂದ ಹಿಡಿದು ಮರಗಳವರೆಗೆ ಇದು ಕಂಡಿದೆ. ಕುರಿಂಜಿಯ ಬ್ರೇಕ್ ಸರಿಯಾಗಿ ಹನ್ನೆರಡನೇ ಮಳೆಗಾಲಕ್ಕೇ ಹೇಗೆ ಬಿಡುತ್ತದೆ ಎಂಬುದನ್ನು ಮಾತ್ರ ವಿಜ್ಞಾನ ಇನ್ನೂ ಬಿಡಿಸಿಲ್ಲ.

ಅದರ ಎಣಿಕೆ ಎಷ್ಟು ಕರಾರುವಾಕ್ಕು ಎಂದರೆ, ಮುನ್ನಾರ್ ಕಡೆಯ ದಾಖಲೆ 1838ರಿಂದ ಇದೆ. 1850, 1862, 1874, ಹೀಗೆ ಸಾಗಿ 1982, 1994, 2006, 2018. ನಮಗೆ 12 ವರ್ಷ ಎಂದರೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ನೆನಪಾಗುತ್ತದೆ, ಅಲ್ವಾ? ಅದು 1981, 1993, 2006, 2018ರಲ್ಲಿ ನಡೆಯಿತು. ಕೊನೆಯ ಎರಡು ಸಲ ಗೊಮ್ಮಟನೂ ಮುನ್ನಾರ್‌ನ ಕುರಿಂಜಿಯೂ ಒಂದೇ ವರ್ಷ ಮಿಂದರು. ಇದು ಕಾಕತಾಳೀಯ ಅಷ್ಟೇ. ಆದರೆ ಪಂಚಾಂಗ, ಸಮಿತಿ, ಸರ್ಕಾರ ಎಲ್ಲ ಸೇರಿ ನಡೆಸುವ ಅಭಿಷೇಕ ಮಧ್ಯೆ ಒಮ್ಮೆ ಒಂದು ವರ್ಷ ಆಚೀಚೆಯಾಯಿತು, ಪೊದೆ ಆಗಲಿಲ್ಲ.

ಈಗ ಸುದ್ದಿಯ ಗೊಂದಲಕ್ಕೆ ಮತ್ತೆ ಬರೋಣ. ಬೆಟ್ಟಕ್ಕೊಂದು ಗಡಿಯಾರ ಎಂಬುದು ಒಂದು ಕಾರಣ. ಇನ್ನೊಂದು, ಪತ್ರಿಕೆಯಲ್ಲಿ ನೀಲಕುರಿಂಜಿ ಎಂದು ಬರುವುದೆಲ್ಲ ಕುಂತಿಯಾನ ಅಲ್ಲ. ಪಶ್ಚಿಮ ಘಟ್ಟದಲ್ಲಿ ಇದರ ದಾಯಾದಿಗಳು ಹತ್ತಾರಿವೆ. ಕೆಲವು ಪ್ರತಿ ವರ್ಷವೂ ಹೂಬಿಡುತ್ತವೆ, ಕೆಲವು ಕೆಲವೇ ವರ್ಷಕ್ಕೊಮ್ಮೆ. ಮಹಾರಾಷ್ಟ್ರದಲ್ಲಿ ಕಾರ್ವಿ ಎನ್ನುವುದು ಆಳೆತ್ತರ ಮೀರುವ ಪೊದೆ, ಅದರ ಕಡ್ಡಿಗೆ ಮಣ್ಣು ಮೆತ್ತಿ ಗುಡಿಸಲಿನ ಗೋಡೆ ಮಾಡುತ್ತಾರೆ. ಅದರದು 8 ವರ್ಷದ ಲೆಕ್ಕ. ಮುಂಬೈನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2016ರಲ್ಲಿ ಅರಳಿ, ಮತ್ತೆ 2024ರಲ್ಲಿ ಅರಳಿತು. ಈ ಎಲ್ಲದಕ್ಕೂ ನಾವು ಒಂದೇ ಹೆಸರಿಟ್ಟು, 12 ಅನ್ನೂ ಸೇರಿಸಿ ಹಂಚುತ್ತೇವೆ. ವರ್ಷವರ್ಷ ಹೊಸ ಸ್ಟಾಕ್ ಬರುವ ‘ಕುರಿಂಜಿ ಜೇನುತುಪ್ಪ’ವನ್ನು ಕೊಳ್ಳುವ ಮೊದಲೂ ಇದೇ ಲೆಕ್ಕ ಹಾಕುವುದು ಒಳ್ಳೆಯದು.

ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಸಾಯುವುದರಿಂದ ಒಂದು ಬೆಟ್ಟದ ಕುರಿಂಜಿಗಳೆಲ್ಲ ಒಂದೇ ವಯಸ್ಸಿನವು. ಎಸ್ಸೆಸ್ಸೆಲ್ಸಿ ಬ್ಯಾಚಿನ ಹಾಗೆ. ಸೀನಿಯರ್ ಇಲ್ಲ, ಜೂನಿಯರ್ ಇಲ್ಲ. ಇದರಲ್ಲೇ ಅದರ ಅಪಾಯವೂ ಇದೆ. ಮಾವಿನ ಮರದ ಹೂವು ಒಂದು ವರ್ಷ ಮಳೆಗೆ ಉದುರಿದರೆ ಮುಂದಿನ ವರ್ಷವಿದೆ. ಕುರಿಂಜಿಗೆ ಮುಂದಿನ ವರ್ಷವೇ ಇಲ್ಲ. ಹೂವು ಮುಗಿದ ಮೇಲಿನ ಬೇಸಿಗೆಯಲ್ಲಿ ಬೆಟ್ಟದ ತುಂಬ ಒಣಗಿದ ಕಡ್ಡಿ ಇರುತ್ತದೆ, ಕೆಳಗೆ ಬೀಜ. ಆಗ ಒಂದು ಬೀಡಿಯ ಕಿಡಿ ಬಿದ್ದರೂ ಹೋಗುವುದು ಇಡೀ ಪೀಳಿಗೆ. 2022ರಲ್ಲಿ ನಾನು ಕಂಡಂತೆ ಇಳಿದು ಬರುವ ಕಾರುಗಳ ಡ್ಯಾಶ್‌ಬೋರ್ಡ್ ಮೇಲೆ ಹೂವಿನ ಗೊಂಚಲುಗಳಿದ್ದವು, ಘಟ್ಟ ಇಳಿಯುವಷ್ಟರಲ್ಲೇ ಬಾಡಿ ಕಪ್ಪಾಗಿದ್ದವು. ಕಾಯಾಗುವ ಮೊದಲೇ ಕಿತ್ತದ್ದು. ಅದು ಆ ಗಿಡದ ಒಂದೇ ಒಂದು ಬೆಳೆ.

ಅದಕ್ಕಿಂತ ದೊಡ್ಡ ಪೆಟ್ಟು ಹುಲ್ಲುಬೆಟ್ಟವನ್ನು ಖಾಲಿ ಜಾಗ ಎಂದು ಭಾವಿಸುವುದು. ಮರವಿಲ್ಲ ಎಂದರೆ ಕಾಡಿಲ್ಲ ಎಂದುಕೊಂಡು ನೀಲಗಿರಿ ಮರ, ವಾಟಲ್ ಎಂಬ ಹೊರದೇಶದ ಮರ ನೆಟ್ಟರು. ಟೀ ತೋಟ ಮಾಡಿದರು. ರಸ್ತೆ, ರೆಸಾರ್ಟ್ ಬಂದವು. ನೀಲಗಿರಿ ಬೆಟ್ಟಕ್ಕೆ ಆ ಹೆಸರು ಬಂದದ್ದೇ ಈ ಹೂವಿನಿಂದ ಎನ್ನುತ್ತಾರೆ. ಅದೇ ಹೆಸರಿನ ಮರ ಬಂದು ಹೂವಿನ ಜಾಗ ಹಿಡಿಯಿತು, ವಿಚಿತ್ರ ನೋಡಿ. ಕೇರಳ 2006ರಲ್ಲಿ ಇಡುಕ್ಕಿಯಲ್ಲಿ ಕುರಿಂಜಿಮಲ ಎಂಬ ಸುಮಾರು 32 ಚದರ ಕಿಲೋಮೀಟರಿನ ಅಭಯಾರಣ್ಯ ಘೋಷಿಸಿತು. ನೀಲಕುರಿಂಜಿ ಈಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದೆ, ಕಾಡಿನಲ್ಲಿ ಕೀಳುವುದು ಅಪರಾಧ. 2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ (ಐಯುಸಿಎನ್) ಕೆಂಪು ಪಟ್ಟಿಯಲ್ಲೂ ಅಪಾಯದಲ್ಲಿರುವ ಸಸ್ಯವೆಂದು ಸೇರಿತು.

ಇಷ್ಟನ್ನೂ ಆ ಹುಡುಗಿಗೆ ಮಧ್ಯಾಹ್ನ ಊಟದ ಹೊತ್ತಲ್ಲಿ ಹೇಳಿದೆ. ಅವಳು ಮೊಸರನ್ನ ಕಲಸುತ್ತಾ ಕೇಳಿಸಿಕೊಂಡು, ಫೋನಿನಲ್ಲಿ ಅದೇ ವಿಡಿಯೊವನ್ನು ಇನ್ನೊಮ್ಮೆ ತೆಗೆದಳು. ‘ಚಿಕ್ಕಮಗಳೂರಲ್ಲಿ 2022ರಲ್ಲಿ ಆಯ್ತು ಅಂದ್ರೆ ಅಲ್ಲಿ ಮುಂದಿನದು 2034. ಹಾಗಾದ್ರೆ ಇದು ಎಲ್ಲಿಯದು?’ ಎಂದು ಆ ಆಡಿನಂಥ ಪ್ರಾಣಿಗಳ ಮೇಲೆ ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದಳು. ದಪ್ಪ ಮೈ, ಹಿಂದಕ್ಕೆ ಬಾಗಿದ ಕೊಂಬು. ನೀಲಗಿರಿ ಥಾರ್. ಅದು ಕೇರಳ, ತಮಿಳುನಾಡು ಬಿಟ್ಟರೆ ಬೇರೆಲ್ಲೂ ಇಲ್ಲ.

ಗುಂಪಿನಲ್ಲಿ ಅವಳು ಒಂದೇ ಸಾಲು ಬರೆದಳು: ‘ಇದು 2018ರ ಮುನ್ನಾರ್ ಇರಬೇಕು, ಆಡು ನೋಡಿ.’ ಅಷ್ಟೊತ್ತಿಗೆ ಕಾರಿಗೆ ನಾಲ್ಕು ಜನ ಸೇರಿಯಾಗಿತ್ತು. ಶನಿವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೋಗಿ, ಕಡಲೆಕಾಯಿ ತಿಂದು ಬಂದರು.